ಹಳೇ ಡೀಸೆಲ್ ಕಾರಿನ ಸೈಲೆನ್ಸರ್ ಪೈಪ್ ಲೀಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಶಾಲೆ ಮಾಷ್ಟ್ರು. ಮನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಡೀಸೆಲ್ ಕಾರೊಂದು ಉಂಟು. ಅಡಿಕೆ ಮೂಟೆಯೂ ಅದರಲ್ಲೇ, ಮದುವೆಗೆ ಹೋಗುವ ಮನೆಮಂದಿಯೂ ಅದರಲ್ಲೇ. ಒಂದೇ ವರ್ಷದಲ್ಲಿ ಅದರ ಒಂದೇ ಜಾಯಿಂಟಿಗೆ ಮೂರು ಸಲ ಪ್ಯಾಕಿಂಗ್ (ಸಂದು ಮುಚ್ಚಲು ನಡುವೆ ಇಡುವ ಗ್ಯಾಸ್ಕೆಟ್) ಹಾಕಿಸಿದವನು ನಾನು. ಆಮೇಲೆ ಊರಲ್ಲಿ ಯಾರ ಕಾರು ಟಪಟಪ ಅಂದರೂ ನನ್ನ ಹತ್ತಿರ ಕೇಳುವ ಹಾಗಾಯಿತು. ಜಾಸ್ತಿ ದುಡ್ಡು ಕಳೆದವನಿಗೆ ಜಾಸ್ತಿ ಗೊತ್ತಿರುತ್ತದೆ ಅಂತ ಜನರ ಲೆಕ್ಕಾಚಾರ ಇರಬೇಕು. ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ, ಅದಕ್ಕೇ ಬರೆದಿಟ್ಟೆ.

ಸೈಲೆನ್ಸರ್ ಲೀಕ್ ಅಂದರೆ ಹಿಂದಿನ ಡಬ್ಬಿ ತೂತಾದದ್ದಾ?

ಅಲ್ಲ, ಹಾಗೇ ಆಗಬೇಕೆಂದಿಲ್ಲ. ನಮ್ಮ ಕಡೆ ಎಂಜಿನ್ನಿಂದ ಹಿಂದಿನ ಬಂಪರಿನವರೆಗೆ ಇರುವ ಇಡೀ ಪೈಪಿಗೆ ಸೈಲೆನ್ಸರ್ ಅಂತಲೇ ಹೇಳುವುದು. ನಿಜವಾದ ಸೈಲೆನ್ಸರ್ ಹಿಂದಿನ ಡಬ್ಬಿ ಮಾತ್ರ. ಎಂಜಿನ್ ಹೆಡ್ಡಿಗೆ ತಾಗಿಕೊಂಡು ಬೀಡಿನ (ಎರಕದ ಕಬ್ಬಿಣದ) ಮೆನಿಫೋಲ್ಡ್ ಇರುತ್ತದೆ, ಎಲ್ಲ ಸಿಲಿಂಡರಿನ ಹೊಗೆ ಬಂದು ಸೇರುವುದು ಅಲ್ಲಿಗೆ. ಟರ್ಬೊ ಇದ್ದರೆ ಅದರ ನಂತರ ಟರ್ಬೊ. ಅಲ್ಲಿಂದ ಕೆಳಗಿಳಿಯುವ ಡೌನ್ ಪೈಪ್, ಕೆಲವು ಕಾರಿನಲ್ಲಿ ತಂತಿಬಲೆ ಸುತ್ತಿದ, ಬಳುಕುವ ಬೆಲ್ಲೋಸ್, ಆಮೇಲೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ನಡುವಿನ ಪೈಪು, ಡಬ್ಬಿ. ಇವು ಒಂದಕ್ಕೊಂದು ಸೇರುವ ಜಾಗವೆಲ್ಲ ಜಾಯಿಂಟ್. ಹಳೇ ಕಾರಿನಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಡೌನ್ ಪೈಪಿನ ಮೇಲಿನ ಜಾಯಿಂಟ್. ಬಿಸಿಯೂ ಅಲ್ಲೇ ಜಾಸ್ತಿ, ಎಂಜಿನ್ನಿನ ಅಲುಗಾಟವೂ ಅಲ್ಲೇ ಜಾಸ್ತಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತದೆ, ಹತ್ತು ನಿಮಿಷ ಓಡಿಸಿದರೆ ನಿಲ್ಲುತ್ತದೆ. ಇದು ಲೀಕಾ?

ಬಹುಪಾಲು ಹೌದು. ತಣ್ಣಗಿರುವಾಗ ಸಂದು ತೆರೆದುಕೊಂಡಿರುತ್ತದೆ. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಸಂದು ಮುಚ್ಚುತ್ತದೆ, ಶಬ್ದವೂ ನಿಲ್ಲುತ್ತದೆ. ಸರಿಹೋಯಿತು ಅಂತ ನಾವು ಸುಮ್ಮನಾಗುತ್ತೇವೆ. ಆ ಸಂದಿನಲ್ಲಿ ದಿನಾ ಬಿಸಿ ಹೊಗೆ ನುಗ್ಗಿ ಪ್ಯಾಕಿಂಗನ್ನು ತಿನ್ನುತ್ತಲೇ ಇರುತ್ತದೆ. ಇವತ್ತು ಹತ್ತು ನಿಮಿಷದ ಶಬ್ದ, ಮಳೆಗಾಲ ಮುಗಿಯುವಷ್ಟರಲ್ಲಿ ಇಡೀ ದಿನದ್ದು.

ಎಂಜಿನ್ನಿನ ವಾಲ್ವ್ ಒತ್ತುವ ಟ್ಯಾಪೆಟ್ ಶಬ್ದವೂ ಟಿಕ್ ಟಿಕ್ ಅಂತಲೇ ಇರುತ್ತದೆ, ಡೀಸೆಲ್ ಎಂಜಿನ್ನಿನ ಕಟಕಟ ಹೇಗೂ ಇದ್ದದ್ದೇ. ವ್ಯತ್ಯಾಸ ಗೊತ್ತಾಗುವುದು ಭಾರ ಬಿದ್ದಾಗ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಲೀಕಿನ ಶಬ್ದ ಫಟ್ ಫಟ್ ಅಂತ ಜೋರಾಗುತ್ತದೆ. ಕಾಲು ತೆಗೆದರೆ ತಗ್ಗುತ್ತದೆ.

ಯಾವ ಜಾಯಿಂಟಿನಲ್ಲಿ ಲೀಕ್ ಅಂತ ಮನೆಯಲ್ಲೇ ಹುಡುಕಬಹುದಾ?

ಹುಡುಕಬಹುದು. ಮೊದಲು ಕಣ್ಣು ಸಾಕು. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ. ತುಕ್ಕಿನ ಕೆಂಪು ಬಣ್ಣದ ಮೇಲೆ ಒಂದೇ ಕಡೆ ಬೀಸಣಿಗೆಯ ಹಾಗೆ ಕಪ್ಪು ಮಸಿ ಹರಡಿದ್ದರೆ ಅದೇ ಜಾಗ. ಬೆರಳಲ್ಲಿ ಮುಟ್ಟಿದರೆ ಕಾಡಿಗೆಯ ಹಾಗೆ ಹತ್ತುತ್ತದೆ. ಡೀಸೆಲ್ ಕಾರಿನಲ್ಲಿ ಇದೊಂದು ಉಪಕಾರ, ಲೀಕ್ ತನ್ನ ಗುರುತನ್ನು ತಾನೇ ಬರೆದಿಟ್ಟಿರುತ್ತದೆ.

ಮಸಿ ಕಾಣದಿದ್ದರೆ ಕಿವಿ. ತೋಟದ ಸ್ಪ್ರಿಂಕ್ಲರಿನ ಕಪ್ಪು ಪೈಪಿನ ಒಂದು ಗಜದ ತುಂಡು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿಯಿರಿ. ಲೀಕ್ ಇರುವಲ್ಲಿ ಕಿವಿಗೆ ಹೊಡೆದ ಹಾಗೆ ಕೇಳುತ್ತದೆ. ಬಿಸಿ ಕಬ್ಬಿಣಕ್ಕೆ ಪೈಪು ತಾಗಿಸಬೇಡಿ, ಫ್ಯಾನ್ ಬೆಲ್ಟಿನಿಂದ ದೂರ ಇರಿ. ಮುಂಡಿನ ತುದಿಯನ್ನೂ ಶಾಲನ್ನೂ ಸಿಕ್ಕಿಸಿಕೊಂಡೇ ಬಗ್ಗಿ.

ಮೂರನೆಯದು ಇಬ್ಬರು ಬೇಕಾಗುವ ಉಪಾಯ. ಆಗಷ್ಟೇ ಸ್ಟಾರ್ಟ್ ಮಾಡಿದ ಎಂಜಿನ್, ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಒಬ್ಬರು ಒದ್ದೆ ಗೋಣಿಯನ್ನು ಮಡಚಿ ಹಿಂದಿನ ಪೈಪಿನ ಬಾಯಿಗೆ ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ದಾರಿ ಇಲ್ಲದ ಹೊಗೆ ಲೀಕ್ ಇದ್ದಲ್ಲಿ ಬುಸ್ ಅಂತ ಹೊರಬರುತ್ತದೆ. ಅಲ್ಲಿಗೆ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಏಳುತ್ತದೆ. ಕಬ್ಬಿಣ ಕಾದ ಮೇಲೆ ನೀರು ಹಾಕಬೇಡಿ, ಬೀಡು ಬಿರುಕು ಬಿಟ್ಟೀತು.

ಕಾರಿನೊಳಗೆ ಹೊಗೆ ವಾಸನೆ ಬರುತ್ತದೆ. ಕಿಟಕಿ ತೆರೆದು ಓಡಿಸಿದರೆ ಸಾಕಲ್ವಾ?

ಸಾಲದು. ಎಂಜಿನ್ ಹತ್ತಿರದ ಲೀಕಿನ ಹೊಗೆ ಬಾನೆಟ್ಟಿನೊಳಗೆ ತುಂಬಿ, ಎಸಿ ಅಥವಾ ಫ್ಯಾನಿನ ಗಾಳಿ ಎಳೆಯುವ ದಾರಿಯಲ್ಲೇ ಒಳಗೆ ಬರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಹೋಲಿಸಿದರೆ ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕಮ್ಮಿ, ನಿಜ. ಆದರೆ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಜೊತೆಗೆ ಮಸಿ, ನೈಟ್ರೋಜನ್ ಆಕ್ಸೈಡುಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ.

ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ತಲೆನೋವು, ವಾಂತಿ ಬಂದ ಹಾಗೆ ಆದರೆ ಘಟ್ಟದ ತಿರುವಿನ ಮೇಲೆ ತಪ್ಪು ಹೊರಿಸುತ್ತೇವೆ. ಒಮ್ಮೆ ಪೈಪನ್ನೂ ಸಂಶಯಪಡಿ. ರಿಪೇರಿ ಆಗುವವರೆಗೆ ಸ್ಟಾರ್ಟ್‌ನಲ್ಲಿಟ್ಟು ಒಳಗೆ ಕೂರುವುದು ಬೇಡ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದಂತೂ ಬೇಡವೇ ಬೇಡ.

ಲೀಕಿನಿಂದ ಎಳೆತ ಕಮ್ಮಿ ಆಗುತ್ತಾ? ಮೈಲೇಜು?

ಟರ್ಬೊ ಉಂಟಾ ಇಲ್ಲವಾ, ಇದ್ದರೆ ಲೀಕ್ ಅದಕ್ಕಿಂತ ಮುಂಚೆಯಾ ನಂತರವಾ, ಇದೇ ಪ್ರಶ್ನೆ. ಟರ್ಬೊ ತಿರುಗುವುದೇ ಹೊಗೆಯ ರಭಸದಿಂದ. ಅದಕ್ಕೆ ತಲುಪುವ ಮೊದಲೇ ಹೊಗೆ ಸೋರಿದರೆ ಎಂಜಿನ್ನಿಗೆ ಗಾಳಿ ಸಾಕಾಗುವುದಿಲ್ಲ. ಏರಿನಲ್ಲಿ ಎಳೆಯುವುದಿಲ್ಲ, ಕರೀ ಹೊಗೆ ಉಗುಳುತ್ತದೆ, ಡೀಸೆಲೂ ಜಾಸ್ತಿ ಕುಡಿಯುತ್ತದೆ. ಟರ್ಬೊ ದಾಟಿದ ಮೇಲಿನ ಲೀಕಿಗೆ ಶಬ್ದ ಮತ್ತು ವಾಸನೆ ಮಾತ್ರ, ಎಳೆತಕ್ಕೆ ಹೇಳುವಂಥ ತೊಂದರೆ ಇಲ್ಲ. ಟರ್ಬೊ ಇಲ್ಲದ ಹಳೇ ಎಂಜಿನ್ನಿಗೂ ಅಷ್ಟೇ.

ಎಂ-ಸೀಲ್ ಅಥವಾ ಸಿಲಿಕಾನ್ ಹಚ್ಚಿದರೆ ಆಗುವುದಿಲ್ವಾ?

ಎಂ-ಸೀಲ್ ನೀರಿನ ಪೈಪಿಗೆ. ಮೆನಿಫೋಲ್ಡ್ ಏರು ಹತ್ತುವಾಗ 500 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಅಲ್ಲಿ ಅದು ಸುಟ್ಟು ಉದುರುತ್ತದೆ. ಬಿಸಿ ತಡೆಯುವ ಕೆಂಪು ಸಿಲಿಕಾನ್ ಕೂಡ ಸುಮಾರು 300 ಡಿಗ್ರಿಯವರೆಗಿನ ಗಿರಾಕಿ. ಹಿಂದಿನ ಡಬ್ಬಿಯ ಹತ್ತಿರ ನಿಂತೀತು, ಎಂಜಿನ್ ಹತ್ತಿರ ಇಲ್ಲ.

ಎಕ್ಸಾಸ್ಟ್ ಪೇಸ್ಟ್ ಅಂತಲೇ ಬೇರೆ ಸಿಗುತ್ತದೆ. ಒಂದು ಪೈಪಿನೊಳಗೆ ಇನ್ನೊಂದು ಪೈಪು ತೂರಿ ಕ್ಲ್ಯಾಂಪ್ ಹಾಕುವ ಜಾಗಕ್ಕೆ ಅದನ್ನು ತೆಳುವಾಗಿ ಹಚ್ಚಬಹುದು. ಬಿಸಿಗೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಕಲ್ಲಿನ ಹಾಗೆ ಅಂದೆನಲ್ಲ, ಅಲುಗಾಡಿದರೆ ಒಡೆಯುತ್ತದೆ ಅಂತಲೂ ಅರ್ಥ. ಪ್ಯಾಕಿಂಗ್ ಇರುವ ಜಾಯಿಂಟಿಗೆ ಇದನ್ನು ಮೆತ್ತಿದರೆ ಮುಂದಿನ ಸಲ ಬಿಚ್ಚುವವನು ನಿಮ್ಮನ್ನು ನೆನೆಸಿಕೊಳ್ಳುತ್ತಾನೆ, ಒಳ್ಳೆಯ ಮಾತಿನಲ್ಲಿ ಅಲ್ಲ.

ಮನೆ ಅಂಗಳದಲ್ಲೇ ಬಿಚ್ಚಿ ಹಾಕಬಹುದಾ?

ಮೇಲಿನಿಂದ ಕೈ ಎಟುಕುವ ಜಾಯಿಂಟಾದರೆ ಸರಿ. ಕಾರಿನಡಿಗೆ ಹೋಗಬೇಕಾದರೆ ಮುಂದಿನ ಪ್ಯಾರಾವನ್ನು ಎರಡು ಸಲ ಓದಿ.

ಕಾರಿನ ಜೊತೆ ಬಂದ ಜಾಕಿ ಟಯರ್ ಬದಲಿಸಲಿಕ್ಕೆ ಮಾತ್ರ. ಅದನ್ನು ನಂಬಿ ಅಡಿಯಲ್ಲಿ ಮಲಗುವುದು ಬೇಡ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಕೆಂಪುಕಲ್ಲು, ಅಂದರೆ ಮುರಕಲ್ಲು, ಬಿದ್ದಿರುತ್ತದೆ. ನಾಲ್ಕು ಕಲ್ಲು ಪೇರಿಸಿ ಅದರ ಮೇಲೆ ಕಾರು ಕೂರಿಸುವವರನ್ನು ನೋಡಿದ್ದೇನೆ. ಮುರಕಲ್ಲು ಗೋಡೆಯಲ್ಲಿ ಎಷ್ಟು ಗಟ್ಟಿಯೋ, ಒಂದೇ ಬಿಂದುವಿನಲ್ಲಿ ಭಾರ ಬಿದ್ದಾಗ ಅಷ್ಟೇ ಪೊಳ್ಳು. ಸೂಚನೆ ಕೊಡದೆ ಪುಡಿಯಾಗುತ್ತದೆ. ಸಿಮೆಂಟಿನ ಟೊಳ್ಳು ಬ್ಲಾಕೂ ಅಷ್ಟೇ. ಕಬ್ಬಿಣದ ಸ್ಟ್ಯಾಂಡ್ ಎರಡು ತನ್ನಿ, ಇಲ್ಲವೇ ಕೆಲಸವನ್ನು ಪಿಟ್ ಇರುವ ವರ್ಕ್‌ಶಾಪಿಗೆ ಬಿಡಿ. ಮಳೆಗಾಲದಲ್ಲಿ ಮಣ್ಣಿನ ಅಂಗಳಕ್ಕೆ ಸ್ಟ್ಯಾಂಡ್ ಕೂಡ ಇಳಿಯುತ್ತದೆ, ಅಡಿಗೆ ದಪ್ಪ ಮರದ ಹಲಗೆ ಬೇಕು. ಬಿಚ್ಚಿಟ್ಟ ಸ್ಟೆಪ್ನಿಯನ್ನು ಕಾರಿನ ಬದಿಯಿಂದ ಅಡಿಗೆ ತಳ್ಳಿಡಿ, ಕೊನೆಯ ಆಸರೆಗೆ ಇರಲಿ.

ನಟ್ಟು ತುಕ್ಕು ಹಿಡಿದು ಕಲ್ಲಾಗಿದೆ. ಏನು ಮಾಡುವುದು?

ಅವಸರ ಮಾಡದಿರುವುದು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಡಬ್ಲ್ಯೂಡಿ-40 ಇದ್ದರೆ ಅದು, ಇಲ್ಲದಿದ್ದರೆ ಸೀಮೆಎಣ್ಣೆಗೆ ಸ್ವಲ್ಪ ಗೇರ್ ಆಯಿಲ್ ಬೆರೆಸಿ. ಅದಕ್ಕೆ ಮೊದಲು ವಯರ್ ಬ್ರಶ್ಶಿನಲ್ಲಿ ಸ್ಟಡ್ಡಿನ (ನಟ್ಟು ಕೂರುವ ತಲೆಯಿಲ್ಲದ ಬೋಲ್ಟಿನ) ಹೊರಗೆ ಕಾಣುವ ಮರೆ, ಅಂದರೆ ಸುರುಳಿ ಹಲ್ಲು, ತಿಕ್ಕಿ ಚೊಕ್ಕ ಮಾಡಿ, ಇಲ್ಲದಿದ್ದರೆ ನಟ್ಟು ಆ ತುಕ್ಕಿನ ಮೇಲೇ ಹತ್ತಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಇನ್ನೊಮ್ಮೆ ಎಣ್ಣೆ. ಆರು ಮೂಲೆಯ ಬಾಕ್ಸ್ ಸ್ಪ್ಯಾನರನ್ನೇ ಹಾಕಿ, ಹನ್ನೆರಡು ಹಲ್ಲಿನದ್ದು ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಸಾಮಾನ್ಯವಾಗಿ 8 ಮಿ.ಮೀ. ಸ್ಟಡ್ಡಿಗೆ 13ರ ಅಥವಾ 12ರ ಸ್ಪ್ಯಾನರ್, 10 ಮಿ.ಮೀ. ಸ್ಟಡ್ಡಿಗೆ 17ರದ್ದು ಅಥವಾ 14ರದ್ದು. ಚಿಕ್ಕ ಅಳತೆಗಳು ಜಪಾನಿ ಮೂಲದ ಕಾರುಗಳಲ್ಲಿ.

ಬಿಚ್ಚುವಾಗ ಒಂದೇ ದಿಕ್ಕಿಗೆ ಎಳೆಯಬೇಡಿ. ಮೊದಲು ಒಂಚೂರು ಬಿಗಿಯುವ ದಿಕ್ಕಿಗೆ, ಕಿರ್ ಅಂತ ಬಿಟ್ಟ ಶಬ್ದ ಕೇಳಿದರೆ ಅರ್ಧ ಗೆದ್ದ ಹಾಗೆ. ಆಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ರಬ್ಬರಿನ ಹಾಗೆ ಎಳೆದುಕೊಂಡು ಬರುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ಡೇ ತಿರುಚುತ್ತಿದೆ.

ಅಷ್ಟಕ್ಕೂ ಬಾರದಿದ್ದರೆ ಬಿಸಿ. ಗ್ಯಾಸ್ ಬರ್ನರಿನಿಂದ ನಟ್ಟನ್ನು ಮಾತ್ರ ಕಾಯಿಸಿ, ಮೇಣದ ಬತ್ತಿಯನ್ನು ಮರೆಗೆ ತಾಗಿಸಿದರೆ ಮೇಣ ಕರಗಿ ಒಳಗೆ ಹೀರಿಕೊಳ್ಳುತ್ತದೆ. ಆದರೆ ಎಣ್ಣೆ ಸುರಿದ ಜಾಗಕ್ಕೆ, ಡೀಸೆಲ್ ಪೈಪಿನ ಹತ್ತಿರಕ್ಕೆ ಬೆಂಕಿ ತರುವ ಕೆಲಸ ಮನೆಯಲ್ಲಿ ಬೇಡ. ಅದಕ್ಕೆ ವರ್ಕ್‌ಶಾಪಿನವರೇ ಇದ್ದಾರೆ.

ಸ್ಟಡ್ ತುಂಡಾಯಿತು. ಕಥೆ ಮುಗಿಯಿತಾ?

ಇಲ್ಲ, ಖರ್ಚು ಶುರುವಾಯಿತು ಅಷ್ಟೇ. ತುಂಡು ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ಹೊಸ ನಟ್ಟಿಟ್ಟು ಒಳಗಿನಿಂದ ವೆಲ್ಡ್ ಮಾಡಿ ತಿರುಗಿಸಿ ತೆಗೆಯುತ್ತಾರೆ. ವೆಲ್ಡಿಂಗಿನ ಬಿಸಿಯೇ ತುಕ್ಕನ್ನು ಬಿಡಿಸುತ್ತದೆ, ಹಾಗಾಗಿ ಬಹಳ ಸಲ ಸುಲಭದಲ್ಲಿ ಬರುತ್ತದೆ. ಒಳಗೇ ಮುರಿದಿದ್ದರೆ ನಡುಮಧ್ಯಕ್ಕೆ ಗುರುತು ಹಾಕಿ ಡ್ರಿಲ್ ಮಾಡಿ ಹೊಸ ಮರೆ ಕೊಯ್ಯಬೇಕು. ಹೆಡ್ ಅಲ್ಯೂಮಿನಿಯಮ್ಮಿನದ್ದಾದರೆ ಕೈ ಡ್ರಿಲ್ ಹಿಡಿದು ಸಾಹಸ ಬೇಡ. ಡ್ರಿಲ್ ಗಟ್ಟಿ ಸ್ಟಡ್ಡನ್ನು ಬಿಟ್ಟು ಮೆತ್ತಗಿನ ಅಲ್ಯೂಮಿನಿಯಮ್ಮಿಗೆ ಜಾರುತ್ತದೆ. ಅನುಭವ ಇರುವ ಲೇತಿನವರಿಗೆ ಕೊಡಿ.

ಹೊಸತು ಹಾಕುವಾಗ ಹಿತ್ತಾಳೆ ಅಥವಾ ತಾಮ್ರ ಲೇಪದ ನಟ್ಟು ಕೇಳಿ. ಮರೆಗೆ ತಾಮ್ರ ಬೆರೆತ ಗ್ರೀಸ್ ಒಂದು ಸ್ವಲ್ಪ. ಮುಂದಿನ ಸಲ ಬಿಚ್ಚುವವರು ಈಗ ಒಳ್ಳೆಯ ಮಾತಿನಲ್ಲಿ ನೆನೆಸಿಕೊಳ್ಳುತ್ತಾರೆ.

ಹಳೇ ಪ್ಯಾಕಿಂಗ್ ಮೇಲೆಯೇ ಹೊಸತು ಹಾಕಬಹುದಾ?

ಬೇಡ. ಪೂರ್ತಿ ಕೆರೆದು ತೆಗೆಯಿರಿ. ಒಂದು ಎಚ್ಚರಿಕೆ: ತುಂಬ ಹಳೇ ಕಾರಿನ ಪ್ಯಾಕಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಿರಿ, ಬ್ರಶ್ ಹಾಕಿ ಹಾರಿಸಬೇಡಿ, ಬಾಯಿಂದ ಊದಬೇಡಿ.

ಕೆರೆದ ಮೇಲೆ ಹೆಚ್ಚಿನವರು ಮಾಡದ ಕೆಲಸ ಒಂದುಂಟು. ಪೈಪಿನ ಫ್ಲ್ಯಾಂಜ್ (ತುದಿಯಲ್ಲಿ ಬೋಲ್ಟ್ ಹಾಕುವ ಚಪ್ಪಟೆ ಪಟ್ಟಿ) ಮೇಲೆ ಸ್ಟೀಲ್ ಸ್ಕೇಲನ್ನು ಅಂಚು ನಿಲ್ಲಿಸಿ ಇಟ್ಟು, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ತೂರಿ ಬಂದರೆ ಫ್ಲ್ಯಾಂಜ್ ಬಾಗಿದೆ. ಎರಡು ಬೋಲ್ಟಿನ ಕಡೆ ಎಳೆದು ನಡುವೆ ಸಂದು ಬಿಟ್ಟಿರುವುದು ಸಾಮಾನ್ಯ. ಸಂದು ಅಳೆಯುವ ಫೀಲರ್ ಗೇಜಿನ 0.2 ಮಿ.ಮೀ. ಎಲೆ ಸಲೀಸಾಗಿ ತೂರಿದರೆ ಎಂಥ ಪ್ಯಾಕಿಂಗ್ ಹಾಕಿದರೂ ನಿಲ್ಲುವುದು ಕಷ್ಟ. ಪೈಪಿನ ಫ್ಲ್ಯಾಂಜನ್ನು ಅರದಲ್ಲಿ ಸಮ ಮಾಡಬಹುದು. ಮೆನಿಫೋಲ್ಡಾದರೆ ಲೇತಿನಲ್ಲಿ ಮುಖ ಸಮ ಮಾಡುವ ಫೇಸಿಂಗ್ ಮಾಡಿಸಬೇಕು.

ಯಾವ ಪ್ಯಾಕಿಂಗ್ ತರುವುದು?

ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಕಾಸರಗೋಡಿನಲ್ಲಿ ಸಿಗದ್ದು ಮಂಗಳೂರಿನಲ್ಲಿ ಸಿಗುತ್ತದೆ, ನಮಗೆ ಪುತ್ತೂರೂ ಹತ್ತಿರ. ಚಪ್ಪಟೆ ಜಾಯಿಂಟಿಗೆ ಸ್ಟೀಲ್ ಹಾಳೆಯದ್ದು ಅಥವಾ ಸ್ಟೀಲಿನ ಮೇಲೆ ಗ್ರಾಫೈಟ್ ಇರುವುದು. ಸ್ಪ್ರಿಂಗ್ ಬೋಲ್ಟ್ ಇರುವ ಜಾಯಿಂಟಿಗೆ ಉದ್ದಿನ ವಡೆಯ ಹಾಗಿನ ದಪ್ಪ ರಿಂಗ್ ಬರುತ್ತದೆ. ಅದು ಅಲುಗಾಡಲಿಕ್ಕೆಂದೇ ಮಾಡಿದ ಜಾಯಿಂಟ್, ಪೈಪು ಅದರ ಮೇಲೆ ಸ್ವಲ್ಪ ಹೊರಳುತ್ತದೆ. ಅಲ್ಲಿ ಸ್ಪ್ರಿಂಗ್ ತೆಗೆದು ಸಾದಾ ಬೋಲ್ಟ್ ಬಿಗಿದು ಕೊಡುವವರಿದ್ದಾರೆ. ಒಪ್ಪಬೇಡಿ. ರಿಂಗ್ ಪುಡಿಯಾಗುತ್ತದೆ, ಇಲ್ಲದಿದ್ದರೆ ಪೈಪು ಬೇರೆ ಕಡೆ ಬಿರಿಯುತ್ತದೆ.

ಎಷ್ಟು ಬಿಗಿ ಮಾಡಬೇಕು?

ಜಾಸ್ತಿ ಬಿಗಿ ಮಾಡಿದರೆ ಗಟ್ಟಿ ಅನ್ನುವುದು ತಪ್ಪು. 8 ಮಿ.ಮೀ. ಸ್ಟಡ್ಡಿಗೆ ಸುಮಾರು 20ರಿಂದ 25 ನ್ಯೂಟನ್ ಮೀಟರ್, 10 ಮಿ.ಮೀ.ಗೆ 40ರ ಆಸುಪಾಸು. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ ಚಿಕ್ಕ ಸ್ಪ್ಯಾನರನ್ನು ಮಣಿಕಟ್ಟಿನ ಬಲದಲ್ಲಿ ಬಿಗಿಯಿರಿ, ಅದಕ್ಕೆ ಪೈಪು ತೂರಿಸಿ ನೇತಾಡಬೇಡಿ. ಒಂದನ್ನೇ ಪೂರ್ತಿ ಬಿಗಿಯದೆ ಎಲ್ಲವನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ. ಮೆನಿಫೋಲ್ಡಾದರೆ ನಡುವಿನಿಂದ ಶುರುಮಾಡಿ ಎರಡೂ ಬದಿಗೆ. ಒಮ್ಮೆ ಚೆನ್ನಾಗಿ ಓಡಿಸಿ, ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ನೋಡಿ. ಹೊಸ ಪ್ಯಾಕಿಂಗ್ ಬಿಸಿಗೆ ಕೂತಿರುತ್ತದೆ, ಇನ್ನೂ ಸ್ವಲ್ಪ ತಿರುಗಲು ಸಿಗಬಹುದು.

ಪ್ಯಾಕಿಂಗ್ ಹಾಕಿ ಎರಡೇ ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಲೀಕ್. ಮಾಲು ಕಳಪೆಯಾ?

ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೂರು ಪ್ಯಾಕಿಂಗಿನ ಕಥೆ ಇಲ್ಲಿಗೇ ಬರುವುದು.

ಮೊದಲನೆಯದು ಹೋದಾಗ ಮಾಲನ್ನು ಬೈದೆ. ಎರಡನೆಯದು ಹೋದಾಗ ಹಾಕಿದವನನ್ನು ಬೈದೆ. ಮೂರನೆಯದಕ್ಕೆ ಬೈಯಲು ಯಾರೂ ಉಳಿದಿರಲಿಲ್ಲ, ಕೊನೆಗೆ ಪರಿಚಯದ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಕಾರಿನಡಿಗೆ ಹೋಗಲೇ ಇಲ್ಲ. ಬಾನೆಟ್ ತೆರೆದು ಬದಿಗೆ ನಿಂತು, "ಮಾಷ್ಟ್ರೇ, ಬ್ರೇಕ್ ಒತ್ತಿ ಹಿಡಿಯಿರಿ, ರಿವರ್ಸ್ ಹಾಕಿ ಕ್ಲಚ್ ಒಂಚೂರು ಬಿಡಿ" ಅಂದರು. ಬಿಟ್ಟೆ. ಎಂಜಿನ್ ನಿದ್ದೆಯಿಂದ ಎದ್ದವನ ಹಾಗೆ ಎದ್ದು ಕೂತಿತು. ಫಸ್ಟ್ ಗೇರ್ ಹಾಕಿ ಬಿಟ್ಟಾಗ ಇನ್ನೊಂದು ಬದಿಗೆ ಹೊರಳಿತು. ಎಂಜಿನ್ನನ್ನು ಬಾಡಿಗೆ ಕೂರಿಸುವ ಮೌಂಟಿಂಗಿನ ರಬ್ಬರ್ ಹರಿದು, ಸಂದಿನಲ್ಲಿ ಎರಡು ಬೆರಳು ತೂರುವಷ್ಟು ಜಾಗ ಆಗಿತ್ತು. "ಎಂಜಿನ್ ಹೀಗೆ ಕುಣಿದರೆ ಪೈಪು ಏನು ಮಾಡಬೇಕು ಪಾಪ" ಅಂದರು.

ಆಮೇಲೆ ಅಡಿಗೆ ಹೋದರು. ಹೊರಬಂದಾಗ ಅವರ ಕೈಯಲ್ಲಿ ಒಂದು ತುಂಡು ಕಟ್ಟುವ ತಂತಿ. ನಡುವಿನ ಪೈಪನ್ನು ತೂಗುಹಾಕುವ ಹ್ಯಾಂಗರ್ ರಬ್ಬರ್ ಹಿಂದಿನ ಬೇಸಿಗೆಯಲ್ಲಿ ಹರಿದಾಗ ತೋಟದ ಬೇಲಿಯ ತಂತಿಯಲ್ಲಿ ಬಿಗಿಯಾಗಿ ಕಟ್ಟಿದವನು ನಾನೇ. ಮೂರು ಸುತ್ತು, ಕಟ್ಟಿಂಗ್ ಪ್ಲೇಯರಿನಲ್ಲಿ ತಿರುಚಿ, ಹೆಮ್ಮೆಯಿಂದ. "ಇದು ಯಾರ ಕೆಲಸ?" ಅಂತ ಕೇಳಿದರು. ನಾನು ಆಕಾಶ ನೋಡಿದೆ.

ವಿಷಯ ಇಷ್ಟೇ. ಎಂಜಿನ್ ಅಲುಗಾಡುತ್ತದೆ, ಕಾರಿನ ಬಾಡಿ ಇನ್ನೊಂದು ರೀತಿ ಅಲುಗಾಡುತ್ತದೆ. ಪೈಪು ಇವೆರಡರ ನಡುವೆ ಸಿಕ್ಕಿದವನು. ಅವನಿಗೆ ತೂಗಾಡಲು ಜಾಗ ಇರಲಿ ಅಂತಲೇ ರಬ್ಬರ್ ಹಾಕಿರುವುದು. ಒಂದು ಕಡೆ ಎಂಜಿನ್ ಮಿತಿ ಮೀರಿ ಕುಣಿದು, ಇನ್ನೊಂದು ಕಡೆ ತಂತಿ ಬಿಗಿದು ಹಿಡಿದರೆ ನಡುವಿನ ಜಾಯಿಂಟ್ ತೆರೆದುಕೊಳ್ಳಲೇಬೇಕು. ಪ್ಯಾಕಿಂಗ್ ಎಷ್ಟು ಒಳ್ಳೆಯದಾದರೇನು? ಮೌಂಟಿಂಗ್ ಒಂದು, ಹ್ಯಾಂಗರ್ ರಬ್ಬರ್ ಎರಡು, ನಾಲ್ಕನೇ ಪ್ಯಾಕಿಂಗ್ ಒಂದು ಹಾಕಿಸಿದೆ. ಮೂರು ಮಳೆಗಾಲ ಕಳೆಯಿತು, ಆ ಜಾಯಿಂಟ್ ಹಾಗೇ ಉಂಟು.

ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಕೇಳುವುದು ಜಾಯಿಂಟ್ ಬಗ್ಗೆ ಅಲ್ಲ, ಅದನ್ನು ಎಳೆಯುತ್ತಿರುವುದು ಯಾವುದು ಅಂತ. ಗೇರ್ ಹಾಕಿ ನೋಡುವ ಪರೀಕ್ಷೆ ಮಾಡುವಾಗ ಕಾರಿನ ಎದುರೂ ಹಿಂದೆಯೂ ಯಾರೂ ನಿಲ್ಲಬಾರದು, ಚಕ್ರಕ್ಕೆ ಅಡ್ಡ ಕಟ್ಟೆ ಇರಬೇಕು. ಪೈಪು ಜೋಡಿಸುವಾಗಲೂ ಇದೇ ಲೆಕ್ಕ: ಎಲ್ಲ ಜಾಯಿಂಟುಗಳನ್ನು ಸಡಿಲವಾಗಿ ಸೇರಿಸಿ, ಹ್ಯಾಂಗರಿಗೆ ಹಾಕಿ, ಪೈಪು ತನ್ನಷ್ಟಕ್ಕೆ ತೂಗಿ ನಿಂತ ಮೇಲೆ ಎಂಜಿನ್ ಕಡೆಯಿಂದ ಬಿಗಿಯುತ್ತ ಬರಬೇಕು. ಎಳೆದು ಹಿಡಿದು ಬೋಲ್ಟ್ ತೂರಿಸಿದ ಜಾಯಿಂಟ್ ಮೊದಲ ದಿನದಿಂದಲೇ ಹೊರಬರಲು ನೋಡುತ್ತಿರುತ್ತದೆ.

ಪ್ಯಾಕಿಂಗ್ ಗೋಜೇ ಬೇಡ, ಜಾಯಿಂಟನ್ನೇ ವೆಲ್ಡ್ ಮಾಡಿಸಿದರೆ?

ಹಿಂದಿನ ಪೈಪಿನದ್ದಾದರೆ ಮಾಡಿಸಿ, ಡಬ್ಬಿ ಬದಲಿಸುವಾಗ ಕೊಯ್ದರಾಯಿತು. ಡೌನ್ ಪೈಪನ್ನು ಮೆನಿಫೋಲ್ಡಿಗೆ ವೆಲ್ಡ್ ಮಾಡಿಸಬೇಡಿ. ಬೀಡಿಗೆ ಸಾದಾ ವೆಲ್ಡಿಂಗ್ ನಿಲ್ಲುವುದಿಲ್ಲ, ತಣಿಯುವಾಗ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಮುಂದೆ ಎಂಜಿನ್ ಕೆಲಸಕ್ಕೆ ಬಿಚ್ಚಲೂ ಆಗದು. ತುಕ್ಕು ತಿಂದು ತೆಳುವಾದ ಪೈಪಿಗೆ ದಪ್ಪ ರಾಡಿನ ವೆಲ್ಡಿಂಗ್ ಹಿಡಿದರೆ ತೂತು ಮುಚ್ಚುವ ಬದಲು ದೊಡ್ಡದಾಗುತ್ತದೆ. ತೆಳು ತಂತಿಯಲ್ಲಿ ಮಾಡುವ ಮಿಗ್ ವೆಲ್ಡಿಂಗ್ ಇರುವಲ್ಲಿಗೆ ಹೋಗಿ. ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿಸಿ, ಕಂಪ್ಯೂಟರ್ ಇರುವ ಕಾರಾದರೆ ಮರೆಯಲೇಬೇಡಿ. ಅರ್ಥ್ ಕ್ಲಿಪ್ ವೆಲ್ಡ್ ಮಾಡುವ ಪೈಪಿಗೇ ಇರಲಿ.

ಬಲೆ ಸುತ್ತಿದ ಬೆಲ್ಲೋಸಿನಲ್ಲಿ ಲೀಕ್ ಇದ್ದರೆ?

ಅದಕ್ಕೆ ತೇಪೆ ಇಲ್ಲ, ಬದಲಿಸುವುದೇ. ಹಳೆಯದನ್ನು ಕೊಯ್ದು ಅದೇ ಉದ್ದ, ಅದೇ ದಪ್ಪದ ಹೊಸದನ್ನು ವೆಲ್ಡ್ ಮಾಡುತ್ತಾರೆ. ಬೆಲ್ಲೋಸ್ ತೆಗೆದು ಸಾದಾ ಪೈಪು ಹಾಕುತ್ತೇವೆ ಅಂದರೆ ನನ್ನ ತಂತಿಯ ಕಥೆ ಹೇಳಿ.

ನಮ್ಮ ಕಡೆ ಪೈಪು ಇಷ್ಟು ಬೇಗ ತುಕ್ಕು ಹಿಡಿಯುವುದು ಯಾಕೆ?

ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಕಡಲಿನ ಉಪ್ಪುಗಾಳಿ ಬೇರೆ. ಇದು ಹೊರಗಿನ ತುಕ್ಕು. ಒಳಗಿನ ತುಕ್ಕು ಯಾರಿಗೂ ಕಾಣುವುದಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚು ಕಮ್ಮಿ ಒಂದು ಲೀಟರ್ ನೀರೇ ಹುಟ್ಟುತ್ತದೆ, ಆವಿಯಾಗಿ ಪೈಪಿನಲ್ಲಿ ಹೋಗುತ್ತದೆ. ದೂರ ಓಡಿಸಿದರೆ ಪೈಪು ಕಾದು ಎಲ್ಲ ಹೊರಹೋಗುತ್ತದೆ. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಹೋಗಿ ಹಾಲು ತಂದು ನಿಲ್ಲಿಸಿದರೆ ಅಷ್ಟೂ ನೀರು ಡಬ್ಬಿಯಲ್ಲಿ ತಣಿದು ಕೂರುತ್ತದೆ. ಹಿಂದೆ ಡೀಸೆಲಿನಲ್ಲಿ ಗಂಧಕವೂ ಜಾಸ್ತಿ ಇತ್ತು, ಬಿಎಸ್-3 (ಭಾರತ್ ಸ್ಟೇಜ್ ಅನ್ನುವ ಮಾಲಿನ್ಯ ಮಟ್ಟ) ಕಾಲದಲ್ಲಿ ದಶಲಕ್ಷಕ್ಕೆ 350 ಭಾಗ. ಈಗ ಬಿಎಸ್-6ರಲ್ಲಿ 10. ಗಂಧಕ ನೀರಿಗೆ ಸೇರಿದರೆ ಆಮ್ಲ. ಇಪ್ಪತ್ತು ವರ್ಷದ ಪೈಪು ಆ ಕಾಲದ ಏಟನ್ನೂ ತಿಂದಿರುತ್ತದೆ.

ವಾರಕ್ಕೊಮ್ಮೆ ಸ್ವಲ್ಪ ದೂರದ ಊರಿಗೆ, ನಮಗಾದರೆ ಚೆರ್ಕಳದವರೆಗಾದರೂ, ನಿಲ್ಲಿಸದೆ ಓಡಿಸಿ ಬನ್ನಿ. ಮಳೆಗಾಲದಲ್ಲಿ ರಸ್ತೆ ಮೇಲೆ ಹಳ್ಳ ಹರಿಯುವಾಗ ಕಾದ ಪೈಪನ್ನು ರಭಸದಲ್ಲಿ ನುಗ್ಗಿಸಬೇಡಿ, ನಿಧಾನಕ್ಕೆ ದಾಟಿ.

ಹೊಗೆ ಪರೀಕ್ಷೆಗೆ, ಆರ್‌ಸಿ ರಿನ್ಯೂವಲಿಗೆ ತೊಂದರೆ ಆಗುತ್ತಾ?

ಆಗಬಹುದು. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಕಾರಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಯೂನಿಟ್ (ಹೊಗೆ ಎಷ್ಟು ದಟ್ಟ ಅನ್ನುವ ಅಳತೆ), ಬಿಎಸ್-4ಕ್ಕೆ 50. ಟರ್ಬೊಗಿಂತ ಮುಂಚಿನ ಲೀಕ್ ಇದ್ದರೆ ಕರೀ ಹೊಗೆಗೆ ಈ ಮಿತಿ ದಾಟುವುದು ಸುಲಭ. 15 ವರ್ಷಕ್ಕೆ ಆರ್‌ಸಿ ಮುಗಿದು 5 ವರ್ಷಕ್ಕೆ ಹೊಸತು ಮಾಡಿಸುವಾಗ ಇನ್‌ಸ್ಪೆಕ್ಟರ್ ಗಾಡಿ ನೋಡಿಯೇ ನೋಡುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಟ್ರಾಕ್ಟರಿನ ಹಾಗೆ ಬಡಿದುಕೊಂಡು ಹೋಗಿ ನಿಂತರೆ ಮಾತು ಬೆಳೆಯುತ್ತದೆ. ಮೊದಲು ರಿಪೇರಿ, ಆಮೇಲೆ ಅರ್ಜಿ.

ವರ್ಕ್‌ಶಾಪಿನಲ್ಲಿ ಏನಂತ ಹೇಳಬೇಕು?

ಭಾಷೆಯ ಚಿಂತೆ ಬೇಡ. ನಾವು ಕನ್ನಡದಲ್ಲಿ ಲೀಕ್ ಉಂಟು ಅಂದರೆ ತುಳುವಿನ ಮೇಸ್ತ್ರಿ ಲೀಕ್ ಉಂಡು ಅನ್ನುತ್ತಾರೆ, ಮಲಯಾಳದ ಹುಡುಗ ಲೀಕ್ ಉಂಡ್ ಅನ್ನುತ್ತಾನೆ. ಅಷ್ಟರಲ್ಲಿ ಮೂರೂ ರಾಜಿಯಾಯಿತು. ಹೇಳಬೇಕಾದದ್ದು ಇದು: ತಣ್ಣಗಿರುವಾಗ ಶಬ್ದವಾ ಬಿಸಿಯಾದಾಗಲಾ, ಮೊದಲು ಯಾವಾಗ ಪ್ಯಾಕಿಂಗ್ ಹಾಕಿದ್ದು, ಮೌಂಟಿಂಗ್ ಯಾವಾಗ ಬದಲಿಸಿದ್ದು. ಕಾರನ್ನು ರಾತ್ರಿಯೇ ಬಿಟ್ಟು ಬನ್ನಿ, ಬೆಳಿಗ್ಗೆ ತಣ್ಣಗಿರುವಾಗ ಅವರೇ ಸ್ಟಾರ್ಟ್ ಮಾಡಿ ಕೇಳಲಿ. ಹಳೇ ಪ್ಯಾಕಿಂಗನ್ನು ಎಸೆಯದೆ ಇಟ್ಟಿರಲು ಹೇಳಿ. ಅದು ಒಂದೇ ಬದಿಯಲ್ಲಿ ಸುಟ್ಟಿದ್ದರೆ ಪೈಪು ಯಾವ ಕಡೆಗೆ ಎಳೆಯುತ್ತಿತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ.

ರಿಪೇರಿ ಆಗಿ ಬಂದ ಮೇಲೆ ಬಾನೆಟ್ಟಿನಿಂದ ಹೊಗೆ ಬರುತ್ತಿದೆ!

ನಟ್ಟಿಗೆ ಹಾಕಿದ ಎಣ್ಣೆ, ಗ್ರೀಸು, ಕೈ ಗುರುತು ಎಲ್ಲ ಉರಿಯುತ್ತಿರುವುದು. ಹತ್ತು ಹದಿನೈದು ನಿಮಿಷದಲ್ಲಿ ನಿಲ್ಲಬೇಕು. ಬಾನೆಟ್ ತೆರೆದಿಟ್ಟು ಅಂಗಳದಲ್ಲೇ ಓಡಲು ಬಿಡಿ, ಹತ್ತಿರ ಒಂದು ಬಕೆಟ್ ಮರಳು ಇರಲಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಅಥವಾ ಡೀಸೆಲಿನ ಹಸಿ ವಾಸನೆ ಬಂದರೆ ಎಂಜಿನ್ ಆಫ್ ಮಾಡಿ ಇಂಧನದ ಪೈಪು ನೋಡಿ. ಬಿಚ್ಚುವಾಗ ಕೈ ತಾಗಿ ಕ್ಲಿಪ್ ಸಡಿಲವಾಗಿರುವುದುಂಟು. ನಮ್ಮ ಮೇಸ್ತ್ರಿ ಒಂದು ಸಲ ಕೈ ಒರೆಸಿದ ಬಟ್ಟೆಯನ್ನೇ ಮೆನಿಫೋಲ್ಡ್ ಮೇಲೆ ಮರೆತಿದ್ದರು.